ಒಂಬತ್ತನೆಯ ಕೊಳವೆಬಾವಿ: ನಂಬಿಕೆ ಬೇರೂರುವ ಬಗೆಯ ಕುರಿತು ಒಂದು ಪ್ರಕರಣ ಅಧ್ಯಯನ

ಕೋಲಾರ ಜಿಲ್ಲೆಯ ಒಂದು ರೈತ ಕುಟುಂಬ 2019ರ ಬೇಸಿಗೆಯಲ್ಲಿ ತನ್ನ ಒಂಬತ್ತನೆಯ ಕೊಳವೆಬಾವಿಯನ್ನು ಎಲ್ಲಿ ಕೊರೆಸಬೇಕು, ಎಷ್ಟು ಆಳದಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಗೆ ತೀರ್ಮಾನಿಸಿತು ಎಂಬುದರ ವಿವರ ಇಲ್ಲಿದೆ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಜಾಗ ತೋರಿಸುವ ಪದ್ಧತಿಯಲ್ಲಿ ಹುರುಳಿದೆಯೇ ಎಂಬ ಪ್ರಶ್ನೆಗೆ ವಿಜ್ಞಾನ ಬಹಳ ಹಿಂದೆಯೇ ಇಲ್ಲವೆಂದು ಉತ್ತರ ಕೊಟ್ಟಿದೆ. ಆ ಉತ್ತರವನ್ನು ಎಷ್ಟು ಸಲ ಹೇಳಿದರೂ ಈ ಮನೆಯಲ್ಲಿ ಏನೂ ಬದಲಾಗದೆ ಹೋದದ್ದು, ಆಮೇಲೆ ಬೇರೊಂದು ದಾರಿಯಿಂದ, ಅದೂ ಅರ್ಧ ಮಾತ್ರ, ಬದಲಾದದ್ದು ಇಲ್ಲಿನ ವಿಷಯ.

ಕುಟುಂಬದ ಕಿರಿಯ ಮಗ ನನ್ನ ಹಳೆಯ ವಿದ್ಯಾರ್ಥಿ. ನಾನು ಮನಃಶಾಸ್ತ್ರ ಕಲಿಸುವವನೆಂಬ ಕಾರಣಕ್ಕೆ ಅವರು ನನ್ನನ್ನು ಈ ವ್ಯವಹಾರದೊಳಕ್ಕೆ ಕರೆದರು. ಮನೆಯವರೆಲ್ಲರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ತಾಲ್ಲೂಕುಗಳನ್ನು ಬಿಟ್ಟಿದ್ದೇನೆ; ಗುರುತು ಹತ್ತಬಹುದಾದ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಮನೆಯ ಹಿರಿಯರನ್ನು ಯಜಮಾನರು ಎಂದೂ, ಅವರೊಡನೆ ಬೇಸಾಯದಲ್ಲಿರುವ ಹಿರಿಯ ಮಗನ ಹೆಂಡತಿಯನ್ನು ಸೊಸೆ ಎಂದೂ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವರನ್ನು ಕಿರಿಯ ಮಗ ಎಂದೂ ಕರೆದಿದ್ದೇನೆ. ನೀರಿನ ಜಾಗ ತೋರಿಸುವವರನ್ನು ಆ ಕಡೆಯ ಜನ ‘ಪಾಯಿಂಟ್ ಮಾಡುವವರು’ ಎನ್ನುತ್ತಾರೆ. ಆ ಮಾತನ್ನೇ ಇಟ್ಟುಕೊಂಡಿದ್ದೇನೆ.

ಹಿನ್ನೆಲೆ

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿಗಳ ಹೆಸರು ನಕ್ಷೆಯಲ್ಲಿದ್ದರೂ ಮಳೆ ಬಂದಾಗ ಮಾತ್ರ ಅವು ನದಿಗಳು. ಕೆರೆಗಳನ್ನು ನಂಬಿಕೊಂಡಿದ್ದ ಬೇಸಾಯ ತೆರೆದ ಬಾವಿಗೆ, ಅಲ್ಲಿಂದ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೊಳವೆಬಾವಿಗೆ ಜಾರಿತು. ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಕಲ್ಲು. ಇಂಥ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಮತ್ತು ಅದರ ಕೆಳಗೆ ಅಲ್ಲಲ್ಲಿ ಇರುವ ಬಿರುಕುಗಳಲ್ಲಿ. ಮೇಲಿನ ಪದರ ತೇವವಾಗಿರುವಷ್ಟು ಕಾಲ ಹೆಚ್ಚುಕಡಿಮೆ ಎಲ್ಲಿ ಕೊರೆದರೂ ಒಂದಿಷ್ಟು ನೀರು ಸಿಕ್ಕುತ್ತದೆ. ಅದು ಒಣಗಿದ ಮೇಲೆ ಆಳದ ಬಿರುಕು ಸಿಕ್ಕರೆ ನೀರು, ಇಲ್ಲವಾದರೆ ಧೂಳು. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಪ್ರಕರಣದ ಅರ್ಧ ಭಾಗ ಇದರ ಮೇಲೆಯೇ ನಿಂತಿದೆ.

ಕುಟುಂಬಕ್ಕಿರುವುದು ನಾಲ್ಕು ಎಕರೆ. ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ, ನೀರಿದ್ದ ವರ್ಷ ಟೊಮೆಟೊ, ಉಳಿದದ್ದರಲ್ಲಿ ಮಳೆಯಾಶ್ರಿತ ರಾಗಿ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಮೊದಲ ಕೊಳವೆಬಾವಿ ಕೊರೆಸಿದ್ದು 1996ರಲ್ಲಿ. ಅಂದು ಪಾಯಿಂಟ್ ಮಾಡಿದವರು ಪಕ್ಕದ ಊರಿನವರು, ಯಜಮಾನರಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಕಾಲು ಮುಂದಾಗಿ ಹುಟ್ಟಿದವರಿಗೆ ನೆಲದಡಿಯ ನೀರು ತಿಳಿಯುತ್ತದೆ ಎಂಬ ಮಾತು ಇವರ ವಿಷಯದಲ್ಲೂ ಇತ್ತು. ನಾರು ಸುಲಿದು ಜುಟ್ಟು ಮಾತ್ರ ಉಳಿಸಿದ ತೆಂಗಿನಕಾಯಿಯನ್ನು ಅಂಗೈಯ ಮೇಲೆ ಅಡ್ಡಲಾಗಿಟ್ಟುಕೊಂಡು, ಬರಿಗಾಲಲ್ಲಿ ಬದು ಹಿಡಿದು ನಡೆದರು. ಹುಣಸೆಮರದಾಚೆಯ ತಗ್ಗಿಗೆ ಬಂದಾಗ ಕಾಯಿ ಜುಟ್ಟು ಮೇಲಾಗಿ ಎದ್ದು ನಿಂತಿತು. ಅಲ್ಲೇ ಕಲ್ಲು ನೆಟ್ಟು ಅರಿಶಿನ ಕುಂಕುಮ ಇಟ್ಟರು. 260 ಅಡಿಗೆ ಮೂರಿಂಚು ನೀರು ಬಂತು, ಹತ್ತು ವರ್ಷಕ್ಕೂ ಮೇಲೆ ನಿಂತಿತು. ಹಿರಿಯ ಮಗನ ಮದುವೆ, ಕಿರಿಯ ಮಗನ ಓದು, ಮನೆಯ ತಾರಸಿ ಎಲ್ಲವೂ ಆ ನೀರಿನಿಂದ ಆದದ್ದು ಎಂದು ಯಜಮಾನರು ಈಗಲೂ ಹೇಳುತ್ತಾರೆ, ಮತ್ತು ಅದು ಸುಳ್ಳಲ್ಲ.

ಪಾಯಿಂಟ್ ಮಾಡುವವರನ್ನು ಮೋಸಗಾರರೆಂದು ಈ ಬರಹ ಭಾವಿಸುವುದಿಲ್ಲ. ಅವರು ತಗ್ಗನ್ನು ನೋಡುತ್ತಾರೆ, ಮರಗಳ ಸಾಲನ್ನು ನೋಡುತ್ತಾರೆ, ಹುತ್ತ ಎಲ್ಲಿದೆ ಎಂದು ನೋಡುತ್ತಾರೆ. ಮರ ಮತ್ತು ಹುತ್ತಗಳ ಗುರುತಿನಿಂದ ನೀರನ್ನು ಊಹಿಸುವ ಕ್ರಮ 6ನೆಯ ಶತಮಾನದ ವರಾಹಮಿಹಿರನಲ್ಲೇ ಇದೆ. ಕಾಯಿ ಏಳುವ ಮುನ್ನ ಕಣ್ಣು ತನ್ನ ಕೆಲಸ ಮಾಡಿರುತ್ತದೆ, ಆದರೆ ಕೀರ್ತಿಯೆಲ್ಲ ಕಾಯಿಗೆ ಹೋಗುತ್ತದೆ. ಶಿಥಿಲ ಪದರದ ನೀರಿಗೆ ಈ ಕಣ್ಣಂದಾಜು ಒಂದಿಷ್ಟು ನೆರವಾಗಿರಲೂಬಹುದು. ಸಾವಿರ ಅಡಿ ಕೆಳಗಿನ ಬಿರುಕಿನ ಸುಳಿವು ಮೇಲಿನ ಹುಣಸೆಮರದಿಂದ ಸಿಗುವುದು ಕಷ್ಟ.

1996ರಿಂದ 2004ರೊಳಗೆ ಮೂರು ಬೋರ್ ಕೊರೆಸಿದರು, ಮೂರರಲ್ಲೂ ನೀರು ಬಂತು. 2008ರಿಂದ 2016ರೊಳಗೆ ಐದು ಕೊರೆಸಿದರು. ಒಂದು ಎರಡು ಬೇಸಿಗೆ ಮಾತ್ರ ಬಂದು ನಿಂತಿತು, ನಾಲ್ಕರಲ್ಲಿ ಧೂಳು. ಎಂಟಕ್ಕೂ ಜಾಗ ತೋರಿಸಿದವರು ಒಬ್ಬರೇ.

ಮೊದಲ ಮೂರು ಬೋರು ಕೊರೆದ ಕಾಲದಲ್ಲಿ ಅದೇ ಊರಿನಲ್ಲಿ ಯಾರನ್ನೂ ಕೇಳದೆ ಕೊರೆಸಿದವರಿಗೂ ನೀರು ಸಿಕ್ಕಿತ್ತು. ಅಂದರೆ ನಂಬಿಕೆ ಹುಟ್ಟಿದ್ದು ಯಾವ ಜಾಗ ತೋರಿಸಿದರೂ ಸರಿಹೋಗುವ ಕಾಲದಲ್ಲಿ, ಅದರ ಪರೀಕ್ಷೆ ನಡೆದದ್ದು ಯಾವ ಜಾಗ ತೋರಿಸಿದರೂ ಕೈಕೊಡುವ ಕಾಲದಲ್ಲಿ. ಅಷ್ಟು ಹೊತ್ತಿಗೆ ಅದು ಮನೆಯ ಚರಿತ್ರೆಯೊಳಗೆ ಸೇರಿಹೋಗಿತ್ತು.

ಧೂಳು ಬಂದ ಬೋರುಗಳಿಗೆ ಸಿಕ್ಕ ಕಾರಣಗಳು

ನಾಲ್ಕು ಸಲ ಧೂಳು ಬಂದ ಮೇಲೂ ನಂಬಿಕೆ ಹೇಗೆ ಉಳಿಯಿತು ಎಂದು ಹೊರಗಿನವರು ಕೇಳುತ್ತಾರೆ. ಯಜಮಾನರ ಬಳಿ ನಾಲ್ಕಕ್ಕೂ ಕಾರಣವಿತ್ತು. ಒಂದರಲ್ಲಿ ಲಾರಿಯವರು ಕಲ್ಲು ನೆಟ್ಟ ಜಾಗದಿಂದ ಎರಡು ಅಡಿ ಪಕ್ಕಕ್ಕೆ ಕೊರೆದಿದ್ದರು. ಇನ್ನೊಂದರಲ್ಲಿ ಪೂಜೆ ಮುಗಿಯುವಷ್ಟರಲ್ಲಿ ರಾಹುಕಾಲ ಬಂದಿತ್ತು. ಮತ್ತೊಂದರಲ್ಲಿ ದುಡ್ಡು ಸಾಲದೆ ಬೇಗ ನಿಲ್ಲಿಸಲಾಗಿತ್ತು; ಇನ್ನು ನೂರಡಿ ಹೋಗಿದ್ದರೆ ಸಿಗುತ್ತಿತ್ತು. 2016ರ ಎಂಟನೆಯ ಬೋರಿಗೆ ಸಿಕ್ಕ ಕಾರಣ ಸೊಸೆ: ಮುಟ್ಟಾಗಿದ್ದಾಗ ಪಾಯಿಂಟ್ ಮಾಡಿದ ಜಾಗವನ್ನು ದಾಟಿ ಹೋಗಿದ್ದಳಂತೆ.

ಈ ಕಾರಣಗಳಿಗೆಲ್ಲ ಒಂದು ಸಮಾನ ಗುಣವಿದೆ. ಒಂದನ್ನೂ ಕೊರೆಯುವ ಮುನ್ನ ಯಾರೂ ಹೇಳಿರಲಿಲ್ಲ. ನೀರು ಬಂದಿದ್ದರೆ ಎರಡು ಅಡಿಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಗಡಿಯಾರವನ್ನು ಯಾರೂ ನೋಡುತ್ತಿರಲಿಲ್ಲ. ಫಲಿತಾಂಶ ಗೊತ್ತಾದ ಮೇಲೆ ಹುಡುಕಿದ ಕಾರಣ ನಂಬಿಕೆಗೆ ಕವಚವಾಗುತ್ತದೆ. ಗೆದ್ದರೆ ಪಾಯಿಂಟ್ ಮಾಡುವವರ ಶಕ್ತಿ, ಸೋತರೆ ಮನೆಯವರ ಲೋಪ. ಇದಕ್ಕೆ ಇನ್ನೊಂದು ಬಲವೂ ಸೇರಿಕೊಳ್ಳುತ್ತದೆ. ಪ್ರತಿ ಸಲವೂ ಸಿಗುವ ಪ್ರತಿಫಲದಿಂದ ಕಲಿತ ನಡವಳಿಕೆಗಿಂತ ಆಗೊಮ್ಮೆ ಈಗೊಮ್ಮೆ ಸಿಗುವ ಪ್ರತಿಫಲದಿಂದ ಕಲಿತದ್ದು ಅಳಿಸಿಹೋಗುವುದು ನಿಧಾನ ಎಂಬುದು ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಮತ್ತಿತರರ ಪ್ರಯೋಗಗಳಿಂದ ಗಟ್ಟಿಯಾಗಿ ಸಿದ್ಧವಾದ ಸಂಗತಿ. ಐದರಲ್ಲಿ ಒಂದು ಬೋರ್ ಎರಡು ಬೇಸಿಗೆ ನೀರು ಕೊಟ್ಟಿತ್ತಲ್ಲ, ಆ ಒಂದೇ ಸಾಕಾಯಿತು.

ಎಂಟನೆಯ ಬೋರಿನ ಕಾರಣ ಉಳಿದವುಗಳಂತೆ ಗಾಳಿಯಲ್ಲಿ ಕರಗಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿ ಯಾವುದೋ ಮಾತಿಗೆ ಯಾವುದೋ ಮಾತು ಸೇರಿದಾಗ ಅದು ಮೇಲೆ ಬರುತ್ತಿತ್ತು. ನೆಂಟರ ಮನೆಯ ಮದುವೆಯಲ್ಲೊಮ್ಮೆ ಯಾರೋ ಸೊಸೆಯ ಮುಂದೆಯೇ ಅದನ್ನು ತಮಾಷೆಯಾಗಿ ಆಡಿದರು. ಮುಂದೆ ಆದದ್ದಕ್ಕೆ ಇದು ಬೀಜ. ನಂಬಿಕೆಯ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತಿದೆ ಎಂಬುದನ್ನು ನೋಡಿದರೆ ಅದನ್ನು ಪರೀಕ್ಷಿಸಲು ಮೊದಲು ಹೊರಡುವವರು ಯಾರು ಎಂಬುದನ್ನು ಬಹಳ ಸಲ ಊಹಿಸಬಹುದು ಎಂದು ನನಗೆ ಅನ್ನಿಸುತ್ತದೆ.

ಸಮಸ್ಯೆ

2019ರ ಫೆಬ್ರುವರಿಯ ಹೊತ್ತಿಗೆ ಹಿಪ್ಪುನೇರಳೆ ಒಣಗತೊಡಗಿತ್ತು. ಟ್ಯಾಂಕರ್ ನೀರು ಹಾಕಿ ಒಂದು ಬೆಳೆ ರೇಷ್ಮೆ ತೆಗೆದರು, ಲಾಭ ಟ್ಯಾಂಕರಿಗೇ ಹೋಯಿತು. ಕಿರಿಯ ಮಗ ಕೂಡಿಟ್ಟದ್ದು, ಸಹಕಾರ ಸಂಘದ ಸಾಲ ಸೇರಿ ಒಂದು ಬೋರಿಗೆ ಆಗುವಷ್ಟು ಹಣವಿತ್ತು, ಎರಡನೆಯದಕ್ಕೆ ಇರಲಿಲ್ಲ. 2011ರ ಅಂತರ್ಜಲ ಕಾಯ್ದೆಯಡಿ ಬೇಕಾದ ಅನುಮತಿಯ ಓಡಾಟವನ್ನೂ ಕಿರಿಯ ಮಗನೇ ಮಾಡಿದ್ದರು.

ಯಜಮಾನರು ಎಂದಿನಂತೆ ಪಾಯಿಂಟ್ ಮಾಡುವವರನ್ನು ಕರೆಸಿದರು. ಕಾಯಿ ಹೊಲದ ಮೂಡಣ ಮೂಲೆಯಲ್ಲಿ ಎದ್ದಿತು. ಕಿರಿಯ ಮಗ ಬೆಂಗಳೂರಿನಿಂದ ಭೂವಿಜ್ಞಾನಿಯೊಬ್ಬರನ್ನು ಕರೆತಂದರು. ಅವರು ನೆಲಕ್ಕೆ ಸರಳುಗಳನ್ನು ಹೊಡೆದು ವಿದ್ಯುತ್ ಹರಿಸಿ, ಪದರಗಳ ರೋಧವನ್ನು, ಅಂದರೆ ವಿದ್ಯುತ್ತಿಗೆ ಅವು ಒಡ್ಡುವ ತಡೆಯನ್ನು, ಅಳೆದು, ಪಡುವಣ ಬದುವಿನ ಹತ್ತಿರ ಗುರುತು ಹಾಕಿದರು. ಊರಿನಲ್ಲಿ ಇದಕ್ಕೆ ‘ಮೆಷಿನ್ ಪಾಯಿಂಟ್’ ಎನ್ನುತ್ತಾರೆ. ಎರಡು ಗುರುತುಗಳ ನಡುವೆ ನೂರು ಹೆಜ್ಜೆಯೂ ಇರಲಿಲ್ಲ. ಒಂದು ತಿಂಗಳು ಮನೆಯಲ್ಲಿ ತಂದೆ ಮಗನ ನಡುವೆ ಮಾತು ಸರಿಯಾಗಿ ನಡೆಯಲಿಲ್ಲ.

ಮೇಲುನೋಟಕ್ಕೆ ಇದು ಮೂಢನಂಬಿಕೆಗೂ ವಿಜ್ಞಾನಕ್ಕೂ ನಡುವಿನ ಜಗಳ. ನಾನು ಹಾಗೆ ನೋಡಲಿಲ್ಲ. ಸಾಲ ತೆಗೆದು, ಕಣ್ಣಿಗೆ ಕಾಣದ ಬಿರುಕಿನ ಮೇಲೆ ಮನೆಯ ಹಣವನ್ನೆಲ್ಲ ಹೂಡುವ ನಿರ್ಧಾರವನ್ನು ಒಬ್ಬ ಮನುಷ್ಯ ಒಂಟಿಯಾಗಿ ಹೊರುವುದು ಕಷ್ಟ. ಪಾಯಿಂಟ್ ಮಾಡುವವರು ಆ ಹೊರೆಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದು ಇದನ್ನೇ: ಹಿನ್ನೀರಿನ ಸುರಕ್ಷಿತ ಮೀನುಗಾರಿಕೆಗೆ ಮಾಂತ್ರಿಕ ವಿಧಿಗಳಿರಲಿಲ್ಲ, ಅಪಾಯವೂ ಅನಿಶ್ಚಯವೂ ಇರುವ ತೆರೆದ ಕಡಲಿನ ಮೀನುಗಾರಿಕೆಗೆ ಬೇಕಾದಷ್ಟಿದ್ದವು. ಅಮೆರಿಕದಲ್ಲಿ 1950ರ ದಶಕದಲ್ಲಿ ಇವಾನ್ ವೋಗ್ಟ್ ಮತ್ತು ರೇ ಹೈಮನ್ ನಡೆಸಿದ ಅಧ್ಯಯನದಲ್ಲೂ ಕವಲುಕಡ್ಡಿ ಹಿಡಿದು ನೀರು ಹುಡುಕುವವರು ಹೆಚ್ಚಾಗಿ ಕಂಡದ್ದು ಅಂತರ್ಜಲ ಸಿಗುವುದು ಅನಿಶ್ಚಿತವಾದ ಪ್ರದೇಶಗಳಲ್ಲಿ. ಆದ್ದರಿಂದ ಯಜಮಾನರಿಗೆ ‘ಅದು ಸುಳ್ಳು’ ಎಂದು ಹೇಳುವುದೆಂದರೆ ಅವರ ಕೈಯಲ್ಲಿದ್ದ ಊರುಗೋಲನ್ನು ಕಿತ್ತುಕೊಂಡು ಬದಲಿಗೆ ಏನೂ ಕೊಡದೆ ಹೋದಂತೆ.

ಮೊದಲ ಎರಡು ಪ್ರಯತ್ನಗಳು

ಕಿರಿಯ ಮಗ ಮೊದಲು ವಾದ ಮಾಡಿದರು. ವಿಡಿಯೊಗಳನ್ನು ಕಳಿಸಿದರು, ಲೇಖನಗಳನ್ನು ಓದಿ ಹೇಳಿದರು. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ನಡೆದ ಪ್ರಯೋಗದ ಕಥೆ ಅವುಗಳಲ್ಲೊಂದು. ಅಲ್ಲಿ ಒಂದು ಕಣಜದ ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಬೇರೆ ಬೇರೆ ಜಾಗಕ್ಕೆ ಸರಿಸುತ್ತಿದ್ದರು, ಮೇಲಿನ ಅಂತಸ್ತಿನಲ್ಲಿ ನಿಂತವರು ಕಡ್ಡಿ ಹಿಡಿದು ಅದು ಎಲ್ಲಿದೆಯೆಂದು ಹೇಳಬೇಕಿತ್ತು. ಸುಮಾರು 500 ಮಂದಿಯನ್ನು ಜರಡಿ ಹಿಡಿದು 43 ಮಂದಿಯನ್ನು ಆರಿಸಿ 843 ಬಾರಿ ಪರೀಕ್ಷಿಸಿದರು. ಪ್ರಯೋಗ ಮಾಡಿದ ವಿಜ್ಞಾನಿಗಳು, ಕೆಲವೇ ಕೆಲವರಲ್ಲಾದರೂ ಈ ಶಕ್ತಿ ನಿಜವಾಗಿ ಇದೆ ಎಂದು ತೀರ್ಮಾನಿಸಿದರು. ಅದೇ ಅಂಕಿಗಳನ್ನು ಜಿಮ್ ಎನ್‌ರೈಟ್ ಎಂಬ ಅಮೆರಿಕದ ವಿಜ್ಞಾನಿ ಮತ್ತೆ ಪರಿಶೀಲಿಸಿ, ಅವು ಆಕಸ್ಮಿಕಕ್ಕಿಂತ ಬೇರೆಯಾಗಿಲ್ಲ, ಒಂದು ಸರಣಿಯಲ್ಲಿ ಚೆನ್ನಾಗಿ ಹೇಳಿದವರು ಇನ್ನೊಂದರಲ್ಲಿ ಹಾಗೆ ಹೇಳಿಲ್ಲ ಎಂದು ತೋರಿಸಿದರು. ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಕಡ್ಡಿ ಹಿಡಿದವರ ಸೋಲಲ್ಲ, ಗುರಿ ಮುಟ್ಟಿದ ಕೆಲವನ್ನು ಹೆಕ್ಕಿ ತೆಗೆದು ನಂಬುವ ಅಭ್ಯಾಸ ಪ್ರಯೋಗಾಲಯದವರನ್ನೂ ಬಿಡಲಿಲ್ಲ ಎಂಬುದು. ಯಜಮಾನರಿಗೆ ಇದ್ಯಾವುದೂ ತಟ್ಟಲಿಲ್ಲ. ‘ಜರ್ಮನಿಯವನಿಗೆ ನಮ್ಮ ಹೊಲ ಏನು ಗೊತ್ತು? ನೀನು ಓದಿದ್ದೇ ಆ ನೀರಲ್ಲಿ’ ಎಂದರು.

ಸಾಕ್ಷ್ಯ ತೋರಿಸಿದಷ್ಟೂ ಜನ ತಮ್ಮ ನಂಬಿಕೆಗೆ ಇನ್ನಷ್ಟು ಅಂಟಿಕೊಳ್ಳುತ್ತಾರೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ಅದು ಹೆಸರಾಯಿತು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಅಂಥ ಪರಿಣಾಮ ಅಪರೂಪವೆಂದೇ ಕಂಡುಬಂದಿದೆ. ಇಲ್ಲೂ ಯಜಮಾನರು ಬಿಗಿಯಾದದ್ದು ಅಂಕಿಅಂಶ ಕೇಳಿ ಅಲ್ಲ. ಮನೆಯನ್ನು ನಿಲ್ಲಿಸಿದ ತನ್ನ 1996ರ ನಿರ್ಧಾರ ಬರೀ ಅದೃಷ್ಟ ಎಂದು ಮಗ ಹೇಳಿದಂತೆ ಅವರಿಗೆ ಕೇಳಿಸಿತು.

ಎರಡನೆಯ ಪ್ರಯತ್ನ ಪರೀಕ್ಷೆ. ಕಣ್ಣು ಕಟ್ಟಿಕೊಂಡು ಅದೇ ಹೊಲದಲ್ಲಿ ಮತ್ತೊಮ್ಮೆ ನಡೆಯಬಲ್ಲಿರಾ ಎಂದು ಕಿರಿಯ ಮಗ ಪಾಯಿಂಟ್ ಮಾಡುವವರನ್ನು ಕೇಳಿದರು. ಅವರು ಅಂಜದೆ ಒಪ್ಪಿದರು. ಟವೆಲ್ ಕಟ್ಟಿ, ಹಿರಿಯ ಮಗ ತೋಳು ಹಿಡಿದು ನಡೆಸಿದಾಗ ಕಾಯಿ ಎದ್ದದ್ದು ಮೂಡಣ ಮೂಲೆಯಲ್ಲಲ್ಲ, ಹಿಪ್ಪುನೇರಳೆಯ ನಡುವೆ. ಎರಡನೆಯ ಸಲ ಇನ್ನೆಲ್ಲೋ. ಅವರ ಮುಖ ಕಂಗೆಟ್ಟದ್ದನ್ನು ನಾನು ಹತ್ತಿರದಿಂದ ನೋಡಿದೆ. ನಟಿಸುವವರ ಮುಖ ಅದಾಗಿರಲಿಲ್ಲ. ಕೈಯಲ್ಲಿ ಹಿಡಿದ ಲೋಲಕ ತಾನಾಗಿ ಓಲಾಡುವಂತೆ ಕಾಣುವುದು, ಹಿಡಿದವರ ಕಣ್ಣು ಕಟ್ಟಿದರೆ ಅದರ ಆಟ ಕೆಡುವುದು ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರೋಲ್ 1833ರಲ್ಲೇ ಬರೆದ ಸಂಗತಿ. 1852ರಲ್ಲಿ ಬ್ರಿಟನ್ನಿನ ವಿಲಿಯಂ ಕಾರ್ಪೆಂಟರ್ ಇಂಥ ಚಲನೆಗೆ ಐಡಿಯೊಮೋಟರ್ ಎಂದು ಹೆಸರಿಟ್ಟರು: ಮನಸ್ಸು ನಿರೀಕ್ಷಿಸಿದ್ದನ್ನು ಸ್ನಾಯು ತಾನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಮಾಡಿಬಿಡುತ್ತದೆ. ಅಂಗೈಯ ಮೇಲೆ ಅಡ್ಡಲಾಗಿಟ್ಟ ಕಾಯಿಯನ್ನು ಏಳಿಸಲು ಬೆರಳುಗಳ ತುಸು ಅಲುಗಾಟ ಸಾಕು, ಮತ್ತು ಕಾಯಿ ಏಳುವಾಗ ಯಾರೋ ಎಬ್ಬಿಸಿದಂತೆಯೇ ಕೈಗೆ ಅನ್ನಿಸುತ್ತದೆ. ಅನುಭವ ಪ್ರಾಮಾಣಿಕ, ಅದರಿಂದ ತೆಗೆದ ಅರ್ಥ ತಪ್ಪು.

ಆದರೆ ಪರೀಕ್ಷೆಯೂ ಕೈಗೂಡಲಿಲ್ಲ. ಕಣ್ಣು ಕಟ್ಟಿ ಪರೀಕ್ಷೆ ಮಾಡಿದರೆ ಗಂಗಮ್ಮ ಒಪ್ಪುವುದಿಲ್ಲ ಎಂದು ಯಜಮಾನರೇ ಹೇಳಿದರು. ಪಾಯಿಂಟ್ ಮಾಡುವವರು ಆ ಮಾತನ್ನು ಆಡುವ ಮೊದಲೇ ಯಜಮಾನರು ಆಡಿದ್ದರು ಎಂಬುದನ್ನು ಗಮನಿಸಬೇಕು.

ಹಾಲಿನ ಪುಸ್ತಕ

ತಿರುವು ಬಂದದ್ದು ಸೊಸೆಯಿಂದ. ಆಕೆ ಪಿಯುಸಿ ಓದಿದವರು. ಡೇರಿಗೆ ಹಾಕಿದ ಹಾಲಿನ ಲೀಟರು, ಫ್ಯಾಟು, ಹಿಂಡಿಯ ಖರ್ಚು ಎಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಯಾವ ಹಸು ಲಾಭ, ಯಾವುದು ನಷ್ಟ ಎಂಬ ವಿಷಯದಲ್ಲಿ ಯಜಮಾನರು ಆ ಪುಸ್ತಕವನ್ನು ಪ್ರಶ್ನಿಸುತ್ತಿರಲಿಲ್ಲ. ಅದರ ಹಿಂಬದಿಯ ಹಾಳೆಗಳಲ್ಲಿ ಆಕೆ ಊರಿನ ಬೋರುಗಳ ಪಟ್ಟಿ ಹಾಕತೊಡಗಿದರು: ಯಾರ ಹೊಲ, ಯಾವ ವರ್ಷ, ಪಾಯಿಂಟ್ ಮಾಡಿದವರು ಯಾರು, ಎಷ್ಟು ಅಡಿ, ಎಷ್ಟಿಂಚು ನೀರು, ಎಷ್ಟು ವರ್ಷ ನಿಂತಿತು. ಬೆಳಿಗ್ಗೆ ಸಂಜೆ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಲ್ಲುವ ಹೊತ್ತಿನಲ್ಲಿ ಕೇಳಿ ಬರೆದುಕೊಂಡದ್ದೇ ಹೆಚ್ಚು. ನಾನು ಹೇಳಿದ್ದು ಇಷ್ಟೇ: ಪಾಯಿಂಟ್ ಮಾಡಿಸದೆ ಕೊರೆಸಿದವರನ್ನೂ, ನೀರು ಬರದೆ ಮುಚ್ಚಿದವನ್ನೂ ಬಿಡಬೇಡಿ.

ಈ ಸೂಚನೆಗೆ ಒಂದು ಹಿನ್ನೆಲೆಯಿದೆ. ನಾರ್ವೆಯ ಮನಃಶಾಸ್ತ್ರಜ್ಞ ಯಾನ್ ಸ್ಮೆಡ್ಸ್‌ಲುಂಡ್ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುಶ್ರೂಷಕಿಯರಿಗೆ 100 ಚೀಟಿಗಳನ್ನು ಕೊಟ್ಟು ಒಂದು ಲಕ್ಷಣಕ್ಕೂ ಒಂದು ರೋಗಕ್ಕೂ ಸಂಬಂಧವಿದೆಯೇ ಎಂದು ಕೇಳಲಾಯಿತು. ಚೀಟಿಗಳಲ್ಲಿ ಅಂಥ ಸಂಬಂಧವಿರಲಿಲ್ಲ. ಆದರೂ ಬಹುಪಾಲು ಜನ ಇದೆಯೆಂದರು, ಲಕ್ಷಣವೂ ರೋಗವೂ ಒಟ್ಟಿಗಿದ್ದ ಚೀಟಿಗಳನ್ನೇ ಮುಖ್ಯವಾಗಿ ಎಣಿಸಿದರು. ಲಕ್ಷಣವಿದ್ದು ರೋಗವಿಲ್ಲದ್ದು, ಲಕ್ಷಣವಿಲ್ಲದೆ ರೋಗವಿದ್ದದ್ದು, ಎರಡೂ ಇಲ್ಲದ್ದು ಲೆಕ್ಕದಿಂದ ಜಾರಿಹೋಗುತ್ತವೆ. ಊರಿನ ಕಟ್ಟೆಯ ಮೇಲೆ ನಡೆಯುವ ಮಾತಿನಲ್ಲಿ ಈ ಜಾರಿಕೆ ಇನ್ನೂ ಹೆಚ್ಚು, ಏಕೆಂದರೆ ನೀರು ಬಂದ ಬೋರಿಗೆ ಹೋಳಿಗೆ ಊಟ ಹಾಕಿಸುತ್ತಾರೆ, ಧೂಳು ಬಂದದ್ದಕ್ಕೆ ಕಲ್ಲು ಮುಚ್ಚಿ ಸುಮ್ಮನಾಗುತ್ತಾರೆ.

ಪಟ್ಟಿ ತಯಾರಾದಾಗ ಅದರಲ್ಲಿ ಪಾಯಿಂಟ್ ಮಾಡಿಸಿದವಕ್ಕೂ ಮಾಡಿಸದವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೆನಪಿನ ಮೇಲೆ ನಿಂತ ಸಣ್ಣ ಪಟ್ಟಿ ಅದು, ಪ್ರಮಾಣವೆಂದು ನಾನು ಒಡ್ಡುವುದಿಲ್ಲ. ಆದರೆ ಯಜಮಾನರ ಕಣ್ಣು ಹೋದದ್ದು ಬೇರೊಂದು ಅಂಕಣಕ್ಕೆ. ವರ್ಷದ ಪ್ರಕಾರ ಬರೆದಿದ್ದರಿಂದ ಮೇಲಿನ ಸಾಲುಗಳಲ್ಲೆಲ್ಲ ನೀರು, ಕೆಳಗಿನ ಸಾಲುಗಳಲ್ಲಿ ಬಹುತೇಕ ಧೂಳು. ಯಾರು ತೋರಿಸಿದರು ಎಂಬುದಕ್ಕಿಂತ ಯಾವ ವರ್ಷ ಕೊರೆಸಿದರು ಎಂಬುದು ಎದ್ದು ಕಾಣುತ್ತಿತ್ತು. ಬಹಳ ಹೊತ್ತು ಹಾಳೆ ನೋಡಿ ಅವರು ಹೇಳಿದ ಮಾತು: ‘ಆಗ ಯಾರು ತೋರಿಸಿದ್ರೂ ಬರ್ತಿತ್ತು ಅಂತಾಯ್ತು.’ ಮಗ ವಾದಿಸಿ ಹೇಳಲಾಗದ ಮಾತನ್ನು ಅವರೇ ಆಡಿದರು, ಯಾರೂ ಅದನ್ನು ಮುಂದುವರಿಸಿ ಗೆಲ್ಲಲು ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಒಳ್ಳೆಯ ನಿರ್ಧಾರ ಆ ಮೌನವೇ.

ಅದೇ ಸಂಜೆ ಸೊಸೆ ಮೈದುನನನ್ನೂ ಒಂದು ಪ್ರಶ್ನೆ ಕೇಳಿದರು: ‘ಮೆಷಿನ್ನವರು ತೋರಿಸಿದ್ದರಲ್ಲಿ ಎಷ್ಟು ಫೇಲ್ ಆಗಿದೆ ಅಂತ ಕೇಳಿದ್ದೀಯಾ?’ ಕೇಳಿರಲಿಲ್ಲ. ವಿದ್ಯುತ್ ರೋಧದ ಸಮೀಕ್ಷೆ ಶಿಥಿಲ ಪದರದ ದಪ್ಪವನ್ನು ಚೆನ್ನಾಗಿ ತಿಳಿಸುತ್ತದೆ, ಆದರೆ ತುಂಬ ಆಳದಲ್ಲಿರುವ ತೆಳುವಾದ ಬಿರುಕನ್ನು ಹಿಡಿಯುವುದು ಅದಕ್ಕೂ ಕಷ್ಟ. ಫೋನಿನಲ್ಲಿ ಕೇಳಿದಾಗ ಭೂವಿಜ್ಞಾನಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕಿರಿಯ ಮಗನ ಮೆಷಿನ್ ನಂಬಿಕೆಯ ಬೇರು ಇನ್ನೂ ಎಳೆಯದಾಗಿತ್ತು, ಅಷ್ಟೇ ವ್ಯತ್ಯಾಸ.

ಚೀಟಿ, ಮತ್ತು ಕೊರೆದ ರಾತ್ರಿ

ಜಾಗದ ವಿಷಯದಲ್ಲಿ ಯಜಮಾನರು ಬಿಡಲಿಲ್ಲ. ಕೊರೆಯುವುದು ಮೂಡಣ ಮೂಲೆಯಲ್ಲೇ ಎಂದರು. ಕಿರಿಯ ಮಗ ಜಾಗವನ್ನು ಬಿಟ್ಟುಕೊಟ್ಟು ಆಳವನ್ನು ಹಿಡಿದುಕೊಂಡರು. ಮೊದಲೇ ಒಂದು ಚೀಟಿ ಬರೆಯುವುದೆಂದಾಯಿತು: ಪಾಯಿಂಟ್ ಮಾಡಿದವರು ಹೇಳಿದ ಅಡಿ, ಹೇಳಿದ ಇಂಚು, ಮತ್ತು ನೀರು ಸಿಗದಿದ್ದರೆ ಎಷ್ಟಕ್ಕೆ ನಿಲ್ಲಿಸಬೇಕೆಂಬ ಮನೆಯವರ ತೀರ್ಮಾನ. 700 ಅಡಿಗೆ ಎರಡಿಂಚು ಎಂದರು ಪಾಯಿಂಟ್ ಮಾಡುವವರು. ನಿಲ್ಲಿಸುವ ಗಡಿ 900 ಅಡಿ. ಯಜಮಾನರು ಸಹಿ ಹಾಕಿದರು, ಚೀಟಿಯನ್ನು ಡೇರಿಯ ಕಾರ್ಯದರ್ಶಿಯ ಕೈಗೆ ಕೊಟ್ಟರು. ಮನೆಯೊಳಗೆ ಇಟ್ಟಿದ್ದರೆ ಆ ಚೀಟಿಗೆ ಬೆಲೆ ಬರುತ್ತಿರಲಿಲ್ಲ. ಹೊರಗಿನ, ಮರ್ಯಾದೆಯ ಒಬ್ಬರ ಬಳಿ ಇದ್ದದ್ದು ಮುಖ್ಯವಾಯಿತು.

ಬೋರ್ ಲಾರಿ ಬಂದದ್ದು ಸಂಜೆ. ಕೊರೆಯುವ ದರ 300 ಅಡಿ ದಾಟಿದ ಮೇಲೆ ನೂರು ಅಡಿಗೊಮ್ಮೆ ಏರುತ್ತ ಹೋಗುತ್ತದೆ, ಆದ್ದರಿಂದ ಕೊನೆಯ ಅಡಿಗಳೇ ಅತಿ ದುಬಾರಿ. 700 ಅಡಿಯಲ್ಲಿ ಬಿಳಿ ಧೂಳು. 820ರ ಹತ್ತಿರ ಧೂಳಿನ ಬಣ್ಣ ತುಸು ಬದಲಾಯಿತು. ಪಾಯಿಂಟ್ ಮಾಡುವವರು ಹಿಡಿ ತೆಗೆದು ಮುದ್ದೆ ಕಟ್ಟಿ ನೋಡಿ, ತೇವ ಇದೆ ಎಂದರು. 900ಕ್ಕೆ ಬಂದಾಗ ರಾತ್ರಿ ಎರಡರ ಹೊತ್ತು. ಲಾರಿಯವನು ಕಂಪ್ರೆಸರ್ ಇಳಿಸಿ, ‘ಇನ್ನೊಂದು ನೂರಡಿ ಕೊರೆಯೋಣವಾ?’ ಎಂದು ಕೇಳಿದ. ಹಿರಿಯ ಮಗ ಕೊರೆಯಿರಿ ಎಂದೇ ಹೇಳಿದರು. ಅಷ್ಟು ದುಡ್ಡು ನೆಲದೊಳಗೆ ಹೋದ ಮೇಲೆ ನಿಲ್ಲಿಸಿದರೆ ಅದು ನಷ್ಟ, ಮುಂದೆ ಹೋದರೆ ಇನ್ನೂ ಆಸೆ. ಹಾಳಾದ ಹಣದ ಈ ಎಳೆತ ಎಷ್ಟು ಬಲವಾದದ್ದೆಂದು ಮನಃಶಾಸ್ತ್ರದ ಸಂಶೋಧಕರಾದ ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲೇ ತೋರಿಸಿದ್ದಾರೆ. ಹಿಂದಿನ ಎರಡು ಬೋರುಗಳಲ್ಲಿ ಯಜಮಾನರು ಇದೇ ಪ್ರಶ್ನೆಗೆ ಹೂಂ ಎಂದಿದ್ದರು.

ಈ ಸಲ ಅವರು ಪಾಯಿಂಟ್ ಮಾಡಿದವರ ಕಡೆ ತಿರುಗಿ, ‘ಬರೆದುಕೊಟ್ಟಾಗಿದೆ ಸ್ವಾಮಿ’ ಎಂದರು. ಲಾರಿಯವನಿಗೆ ರಾಡ್ ಎತ್ತಲು ಹೇಳಿದರು.

ಉಳಿದ ಹಣದಲ್ಲಿ ಮಾಡಿದ್ದು ಕೃಷಿ ಹೊಂಡ ಮತ್ತು ಹಿಪ್ಪುನೇರಳೆಗೆ ಹನಿ ನೀರಾವರಿ. ಆ ವರ್ಷ ಅರ್ಧ ಎಕರೆ ಮಾತ್ರ ಉಳಿಸಿಕೊಂಡರು. ನಿಲ್ಲಿಸಿದ್ದು ಸರಿಯೇ ಎಂಬುದಕ್ಕೆ ಉತ್ತರವಿಲ್ಲ. 950ರಲ್ಲಿ ಬಿರುಕು ಇದ್ದಿರಲೂಬಹುದು. ಒಂದು ನಿರ್ಧಾರವನ್ನು ತೂಗಬೇಕಾದದ್ದು ಅದನ್ನು ತೆಗೆದುಕೊಂಡಾಗ ಏನು ಗೊತ್ತಿತ್ತು ಎಂಬುದರಿಂದ.

ಬತ್ತಿದ ಬೋರಿಗೆ ನೀರು ಬಂದಾಗ

ಇಲ್ಲಿಗೆ ಮುಗಿದಿದ್ದರೆ ಇದು ಒಪ್ಪವಾದ ಕಥೆಯಾಗುತ್ತಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಜಿಲ್ಲೆಗೆ ಬರತೊಡಗಿತ್ತು. ಒಂದೊಂದಾಗಿ ಕೆರೆಗಳು ತುಂಬಿ ಈ ಊರಿನ ಮೇಲಿನ ಕೆರೆಗೂ ಬಂತು. 2021ರ ಮಳೆಗಾಲ ಜಿಲ್ಲೆಯ ಹಿರಿಯರು ನೆನಪಿಟ್ಟುಕೊಳ್ಳುವಂಥದ್ದು, ನವೆಂಬರಿನಲ್ಲಿ ಎಷ್ಟೋ ಕೆರೆಗಳು ವರ್ಷಗಳ ನಂತರ ಕೋಡಿ ಹರಿದವು. ಮರುವರ್ಷ ಒಂಬತ್ತನೆಯ ಬೋರಿನೊಳಗೆ ಕಲ್ಲು ಹಾಕಿ ನೋಡಿದರೆ ನೀರಿನ ಸದ್ದು. ಮೋಟರ್ ಇಳಿಸಿದರು, ಒಂದೂವರೆ ಇಂಚು ಬಂತು.

‘ಇದೆ ಅಂದಿದ್ರು, ಇತ್ತು. ಭೂಮಿತಾಯಿ ತಡವಾಗಿ ಕೊಟ್ಟಳು’ ಎಂದರು ಯಜಮಾನರು. ಪಾಯಿಂಟ್ ಮಾಡಿದವರಿಗೆ ಪಂಚೆ, ಶಲ್ಯ, ಹಣ್ಣುಕಾಯಿ ಕೊಟ್ಟು ಬಂದರು. ಕಿರಿಯ ಮಗ ನನಗೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಸೋಲು ಇತ್ತು. ಹೀಗೇಕಾಯಿತು ಎಂಬುದಕ್ಕೆ ಗೊಂದಲವೇನೂ ಇಲ್ಲ: ಊರಿನ ಅಂತರ್ಜಲದ ಮಟ್ಟವೇ ಮೇಲೆ ಬಂದಿತ್ತು, ಯಾರೂ ತೋರಿಸದ ಹಳೆಯ ಬೋರುಗಳಲ್ಲೂ ನೀರು ಕಾಣಿಸಿಕೊಂಡಿತ್ತು. ಸೊಸೆ ಅವನ್ನು ಅದೇ ಪಟ್ಟಿಯಲ್ಲಿ ಹೊಸ ಅಂಕಣ ಎಳೆದು ಬರೆದಿಟ್ಟರು. 2016ರಲ್ಲಿ ತನ್ನ ಮೇಲೆ ಹೊರಿಸಿದ ಎಂಟನೆಯ ಬೋರಿನಲ್ಲೂ ನೀರು ಏರಿತ್ತು. ‘ನಾನು ದಾಟಿದ್ದಕ್ಕೆ ಹೋದ ನೀರು ಈಗ ಯಾರು ದಾಟಿದ್ದಕ್ಕೆ ಬಂತು ಮಾವ?’ ಎಂದು ಆಕೆ ಕೇಳಿದರಂತೆ. ಆಕೆಯ ಮೇಲಿನ ಆ ದೂರು ಮನೆಯಲ್ಲಿ ಅಂದಿಗೆ ನಿಂತಿತು. ಯಜಮಾನರು ಉತ್ತರ ಕೊಡಲಿಲ್ಲ, ಆದರೆ ಅದನ್ನು ಮತ್ತೆ ಎತ್ತಲೂ ಇಲ್ಲ.

ಈ ಪ್ರಕರಣದಲ್ಲಿ ಕಾಣುವುದು

ಒಂದು ನಂಬಿಕೆ ತಲೆಯೊಳಗಿರುವ ಒಂದು ವಾಕ್ಯ, ಅದನ್ನು ಸಾಕ್ಷ್ಯದಿಂದ ಅಳಿಸಿ ಬೇರೊಂದನ್ನು ಬರೆಯಬಹುದು ಎಂಬ ಕಲ್ಪನೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಯಜಮಾನರ ನಂಬಿಕೆಯಲ್ಲಿ ಹಲವು ಎಳೆಗಳಿದ್ದವು: 1996ರ ಕೃತಜ್ಞತೆ, ಪಾಯಿಂಟ್ ಮಾಡುವವರ ಜೊತೆಗಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಸ್ನೇಹ, ಒಂಟಿಯಾಗಿ ನಿರ್ಧರಿಸುವ ಭಯ, ಕೊನೆಗೆ ನೆಲದ ಬಗೆಗಿನ ಒಂದು ಹೇಳಿಕೆ. ವಾದ ಮುಟ್ಟಿದ್ದು ಕೊನೆಯ ಎಳೆಯನ್ನು ಮಾತ್ರ, ಎಳೆದಾಗ ನೋವಾದದ್ದು ಉಳಿದವಕ್ಕೆ. ಚೀಟಿ ಆ ಎಳೆಗಳಲ್ಲಿ ಯಾವುದನ್ನೂ ಮುಟ್ಟದೆ ಹಣದ ವಿಷಯವನ್ನಷ್ಟೇ ಬೇರ್ಪಡಿಸಿತು. ಕಾಯಿ ಏಳುತ್ತದೆಂದು ನಂಬುತ್ತಲೇ 900 ಅಡಿಗೆ ನಿಲ್ಲಿಸಬಹುದಾಯಿತು. ನಂಬಿಕೆಯನ್ನೂ ನಡೆಯನ್ನೂ ಒಟ್ಟಿಗೇ ಬದಲಿಸಬೇಕೆಂದು ಹಟ ಹಿಡಿಯುವ ನಮ್ಮಂಥ ಓದಿದವರಿಗೆ ಇದು ಅರ್ಧ ಗೆಲುವಾಗಿ ಕಾಣುತ್ತದೆ. ಸಾಲ ತೀರಿಸಬೇಕಾದ ಮನೆಗೆ ಅದು ಅರ್ಧವಲ್ಲ.

ಪಟ್ಟಿ ಕೆಲಸ ಮಾಡಿದ್ದಕ್ಕೆ ಅದನ್ನು ಬರೆದ ಕೈ ಕೂಡ ಕಾರಣ. ಅದೇ ಅಂಕಣಗಳನ್ನು ನಾನು ತಂದು ತೋರಿಸಿದ್ದರೆ ಜರ್ಮನಿಯ ಪ್ರಯೋಗಕ್ಕೆ ಸಿಕ್ಕ ಉತ್ತರವೇ ಸಿಗುತ್ತಿತ್ತು. ಹಾಲಿನ ಲೆಕ್ಕದಲ್ಲಿ ವರ್ಷಗಳಿಂದ ಸರಿ ಬಂದ ಪುಸ್ತಕ, ಊರಿನವರೇ ಹೇಳಿದ ಬೋರುಗಳು, ನಷ್ಟ ಹೊತ್ತ ಸೊಸೆ. ಈ ಮೂರೂ ಸೇರಿದ್ದರಿಂದ ಅದು ಹೊರಗಿನ ಮಾತಾಗಲಿಲ್ಲ. ಬೇರೊಂದು ಮನೆಯಲ್ಲಿ ಇಂಥ ಪುಸ್ತಕವಿಲ್ಲದಿರಬಹುದು, ಸೊಸೆಗೆ ಅಷ್ಟು ಬಾಯಿ ಇಲ್ಲದಿರಬಹುದು. ಆದ್ದರಿಂದ ಇದನ್ನು ಹಾಗೇ ಎತ್ತಿ ಎಲ್ಲೆಡೆ ಹಚ್ಚುವಂತಿಲ್ಲ. ಜೊತೆಗೆ, 2021ರ ಮಳೆ ಎರಡು ವರ್ಷ ಮೊದಲೇ ಬಂದಿದ್ದರೆ, ಅಂದರೆ 900 ಅಡಿಯೊಳಗೆ ಆ ರಾತ್ರಿಯೇ ನೀರು ಉಕ್ಕಿದ್ದರೆ, ಚೀಟಿಯ ಕಥೆಯನ್ನು ಇಂದು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಕಳೆದ ವರ್ಷ ಯಜಮಾನರ ತಂಗಿಯ ಮನೆಯವರು ಬೋರ್ ಕೊರೆಸಲು ಹೊರಟಾಗ, ಇವರೇ ಹಳೆಯ ಪಾಯಿಂಟ್ ಮಾಡುವವರನ್ನು ಕರೆದುಕೊಂಡು ಹೋದರು, ಜೊತೆಗೆ ಸೊಸೆಯ ಕೈಯಲ್ಲಿ ಚೀಟಿಯನ್ನೂ ಬರೆಸಿಕೊಂಡು ಹೋದರು. ಜಾಗ ತೋರಿಸಿದ ಮೇಲೆ ಪಾಯಿಂಟ್ ಮಾಡುವವರು ಅಡಿಯನ್ನೂ ಇಂಚನ್ನೂ ಈ ಸಲ ಹೇಳಲು ಒಪ್ಪಲಿಲ್ಲ. ನಿಲ್ಲಿಸುವ ಗಡಿಯನ್ನು ಮನೆಯವರು ತಾವೇ ಬರೆದರು. ಉಳಿದ ಎರಡು ಅಂಕಣಗಳಲ್ಲಿ ಸೊಸೆ ‘ಹೇಳಲಿಲ್ಲ’ ಎಂದು ನಮೂದಿಸಿದ್ದಾರೆ.